ತನ್ನ ಚಿತ್ರಕ್ಕೆ ತಾನೇ ಒಡತಿ

ಹೆಣ್ಣುಮಗಳ ಭಾವಚಿತ್ರವೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಬಹುಕಾಲ ಒಂದೇ ಅರ್ಥವಿದ್ದಿತು: ಅದು ವರನ ಕಡೆಯವರಿಗೆ ಕಳುಹಿಸುವ ಚಿತ್ರ. ಯಾವ ಸೀರೆ ಉಡಬೇಕು, ತಲೆಯನ್ನು ಎಷ್ಟು ಬಾಗಿಸಬೇಕು, ನಗಬಹುದೋ ಬಾರದೋ ಎಂಬುದನ್ನೆಲ್ಲ ಮನೆಯ ಹಿರಿಯರೋ ಸ್ಟುಡಿಯೋದವರೋ ನಿರ್ಧರಿಸುತ್ತಿದ್ದರು. ಮುಖ ಅವಳದು, ಆಯ್ಕೆ ಪರರದು. ಆ ಆಯ್ಕೆಯನ್ನು ಹುಡುಗಿಯ ಕೈಗೇ ಒಪ್ಪಿಸಿದರೆ ಏನಾದೀತು? ಈ ಪ್ರಶ್ನೆಗೆ ರಾಜಸ್ಥಾನದ ಮರುಭೂಮಿಯ ಊರೊಂದರಲ್ಲಿ ಸೊಗಸಾದ ಉತ್ತರ ದೊರೆತಿದೆ.

ಬಿಕಾನೇರ್ ಜಿಲ್ಲೆಯ ಲೂಣ್‌ಕರಣ್‌ಸರ್ ಥಾರ್ ಮರುಭೂಮಿಗೆ ಸೇರಿದ ಸಣ್ಣ ಪಟ್ಟಣ. ಮಳೆ ಅಪರೂಪವಾದ ಈ ಸೀಮೆಯಲ್ಲಿ ನೀರು ಹೊರುವುದು, ತಮ್ಮತಂಗಿಯರನ್ನು ನೋಡಿಕೊಳ್ಳುವುದು, ಬೇಗನೆ ಶಾಲೆ ಬಿಡುವುದು, ಎಳೆಯ ವಯಸ್ಸಿನಲ್ಲೇ ಮದುವೆಯಾಗುವುದು ಅನೇಕ ಬಡ ಹುಡುಗಿಯರ ಪಾಲಿಗೆ ಬಂದ ಬಾಳು. ಇಲ್ಲಿ ಸೇವೆ ಸಲ್ಲಿಸುತ್ತಿದ್ದ 'ಉರ್ಮೂಲ್ ಸೇತು ಸಂಸ್ಥಾನ'ವು 2003ರಲ್ಲಿ ಹುಡುಗಿಯರಿಗೆಂದೇ 'ಬಾಲಿಕಾ ಮೇಳ'ವೊಂದನ್ನು ಏರ್ಪಡಿಸಿತು. ಸುಮಾರು ಎಪ್ಪತ್ತು ಹಳ್ಳಿಗಳಿಂದ 1,500ರಷ್ಟು ಕಿಶೋರಿಯರು ನೆರೆದರು. ತೊಟ್ಟಿಲು ರಾಟೆ, ಗೊಂಬೆಯಾಟ, ಇಂದ್ರಜಾಲ, ಆಟದ ಸ್ಪರ್ಧೆಗಳು ಎಲ್ಲವೂ ಅಲ್ಲಿದ್ದವು.

1999ರಿಂದಲೂ ರಾಜಸ್ಥಾನದ ಹಳ್ಳಿಗಳ ಬಾಳನ್ನು ಚಿತ್ರಿಸುತ್ತ ಬಂದಿದ್ದ ಛಾಯಾಗ್ರಾಹಕಿ ಗೌರಿ ಗಿಲ್ ಅವರಿಗೂ ಮೇಳಕ್ಕೆ ಆಹ್ವಾನವಿದ್ದಿತು. ಅವರು ಅಲ್ಲೊಂದು ಚಿತ್ರದ ಮಳಿಗೆಯನ್ನು ತೆರೆದರು. ಊರಿನ ಸ್ಟುಡಿಯೋದಿಂದಲೂ ಬಟ್ಟೆಯಂಗಡಿಯಿಂದಲೂ ತಂದ ಕೆಲವು ಪರದೆಗಳು, ಅಲಂಕಾರದ ಒಂದೆರಡು ವಸ್ತುಗಳು: ಬಂಡವಾಳ ಅಷ್ಟೆ. ಹೇಗೆ ನಿಲ್ಲಬೇಕು, ಯಾರೊಡನೆ ನಿಲ್ಲಬೇಕು, ಏನನ್ನು ಹಿಡಿದಿರಬೇಕು ಎಂಬುದೆಲ್ಲ ಹುಡುಗಿಯರಿಗೆ ಬಿಟ್ಟದ್ದು. ಕೆಲವರು ಒಬ್ಬೊಬ್ಬರೇ ಬಂದರು. ಕೆಲವರು ಗೆಳತಿಯ ಹೆಗಲ ಮೇಲೆ ಕೈಯಿಟ್ಟು ನಿಂತರು. ಬೇಕೆಂದವರಿಗೆ ಚಿತ್ರದ ಪ್ರತಿ ಕಡಿಮೆ ಬೆಲೆಗೆ ದೊರೆಯಿತು. ಆ ಕಪ್ಪುಬಿಳುಪಿನ ಚಿತ್ರಗಳಲ್ಲಿ ಕನಿಕರ ಬೇಡುವ ಮುಖಗಳನ್ನು ಕಾಣೆವು. ನೋಡುವವರನ್ನು ನೇರವಾಗಿ ನೋಡುವ ಕಣ್ಣುಗಳು ಅಲ್ಲಿವೆ.

ಕಥೆ ಇಷ್ಟಕ್ಕೇ ಮುಗಿಯಲಿಲ್ಲ. ಅದೇ ವರ್ಷ ಹುಡುಗಿಯರಿಗೆ ಛಾಯಾಗ್ರಹಣದ ಶಿಬಿರವೂ ನಡೆಯಿತು. ಕ್ಯಾಮರಾದ ಎದುರು ನಿಂತಿದ್ದ ಕೆಲವರು ಅದರ ಹಿಂದೆ ನಿಲ್ಲುವುದನ್ನು ಕಲಿತರು. 2010ರಲ್ಲಿ ಮತ್ತೆ ಮೇಳ ನೆರೆದಾಗ ಕ್ಯಾಮರಾ ಹಿಡಿದವರಲ್ಲಿ ಆ ಊರಿನ ಹುಡುಗಿಯರೂ ಇದ್ದರು. 'ಬಾಲಿಕಾ ಮೇಳ' ಎಂಬ ಹೆಸರಿನಲ್ಲಿಯೇ ಈ ಚಿತ್ರಗಳ ಪುಸ್ತಕವು 2012ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಿಂದ ಪ್ರಕಟವಾಯಿತು.

ಕ್ಯಾಮರಾಕ್ಕೆ ಒಂದು ವಿಶೇಷ ಗುಣವಿದೆ. ಅದನ್ನು ಹಿಡಿಯಲು ಅಕ್ಷರಜ್ಞಾನ ಬೇಕಿಲ್ಲ. ಆದರೆ ಚೌಕಟ್ಟಿನೊಳಗೆ ಯಾವುದಿರಬೇಕು, ಯಾವುದು ಹೊರಗುಳಿಯಬೇಕು ಎಂದು ಹಿಡಿದವಳು ತಾನೇ ತೀರ್ಮಾನಿಸಬೇಕು. ಮನೆಯಲ್ಲಿ ಯಾವ ಮಾತಿಗೂ ಅಭಿಪ್ರಾಯ ಕೇಳಿಸಿಕೊಳ್ಳದ ಹುಡುಗಿಗೆ ಇದು ಸಣ್ಣ ಅಭ್ಯಾಸವಲ್ಲ.

ಛಾಯಾಚಿತ್ರವೊಂದು ಬಾವಿಗೆ ನೀರು ತರಲಾರದು. ಬಾಲ್ಯವಿವಾಹವನ್ನು ತಾನಾಗಿಯೇ ತಡೆಯಲಾರದು. ಆದರೆ "ನಿನಗೆ ಹೇಗೆ ಬೇಕು?" ಎಂಬ ಪ್ರಶ್ನೆಯನ್ನು ಒಮ್ಮೆ ಕೇಳಿಸಿಕೊಂಡ ಹುಡುಗಿ ಆ ಪ್ರಶ್ನೆಯನ್ನು ಮುಂದೆಯೂ ನಿರೀಕ್ಷಿಸುತ್ತಾಳೆ. ಯಾರೂ ಕೇಳದಿದ್ದಾಗ, ಕೇಳದೆಯೇ ಹೇಳುವ ಧೈರ್ಯವೂ ಬಂದೀತು. ಹೆಣ್ಣುಮಕ್ಕಳಿರುವ ಪ್ರತಿ ಮನೆಯೂ ಅಂಥ ಪ್ರಶ್ನೆಯನ್ನು ಕೇಳಬಹುದು. ಅದಕ್ಕೆ ಕ್ಯಾಮರಾ ಇರಲೇಬೇಕೆಂದಿಲ್ಲ.