ಉಪ್ಪುನೀರಿನ ಅಕ್ವೇರಿಯಂಗೆ ಯಾವ ಮೀಡಿಯಾ?

ನಮ್ಮೂರು ಮಿಜಾರಿನಿಂದ ಕಡಲು ಬಹಳ ದೂರವೇನಿಲ್ಲ. ಮೂಲ್ಕಿ ದಾಟಿದರೆ ಸಸಿಹಿತ್ಲು. ಆದರೂ ಚಾವಡಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರನ್ನು ನಮ್ಮ ಕಡೆ ಹುಡುಕಬೇಕು. ಇಟ್ಟವರು ಸಿಕ್ಕಿದಾಗ ಹೇಳುವ ಕಷ್ಟ ಹೆಚ್ಚುಕಡಿಮೆ ಒಂದೇ. ನೀರು ಹಳದಿಯಾಗಿದೆ, ಗಾಜಿಗೆ ಪಾಚಿ ಹತ್ತಿದೆ, ಅಂಗಡಿಯವರು ನಾಲ್ಕು ಡಬ್ಬಿ ತೋರಿಸಿದ್ದಾರೆ. ಯಾವುದು ತರಲಿ?

ಆ ಡಬ್ಬಿಗಳಲ್ಲಿ ಇರುವುದಕ್ಕೆ ಕೆಮಿಕಲ್ ಮೀಡಿಯಾ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಇದು ನೀರಿಗೆ ಸುರಿಯುವ ಔಷಧವಲ್ಲ. ನೀರಿನಲ್ಲಿ ಕರಗಿದ ಬೇಡದ ವಸ್ತುವನ್ನು ತನ್ನ ಮೈಗೆ ಅಂಟಿಸಿಕೊಳ್ಳುವ ಹರಳು. ಸ್ಪಂಜು ಕಣ್ಣಿಗೆ ಕಾಣುವ ಕೊಳೆಯನ್ನು ತಡೆಯುತ್ತದೆ. ಕಲ್ಲಿನ ಮೇಲೆ ಬೆಳೆದ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಈ ಎರಡಕ್ಕೂ ಸಿಗದೆ ಉಳಿದದ್ದನ್ನು ಹಿಡಿಯುವುದು ಮೀಡಿಯಾದ ಕೆಲಸ.

ಮುಂದೆ ಹೋಗುವ ಮೊದಲು ಒಂದು ಮಾತು. ರೀಫ್ ಟ್ಯಾಂಕ್ ಎಂದರೆ ಹವಳದ ತೊಟ್ಟಿ ಎಂದೇ ಹೊರದೇಶದ ಪುಸ್ತಕಗಳು ಹೇಳುತ್ತವೆ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಿಂದ ಒಂದು ತುಂಡು ಮುರಿದು ತಂದರೂ ಅಪರಾಧ. ಕೃತಕ ಬಂಡೆ ಮತ್ತು ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನು ಸಾಕು. ನಾನು ಬರೆಯುತ್ತಿರುವುದೂ ಅಂಥ ತೊಟ್ಟಿಯ ಬಗ್ಗೆಯೇ.

ಮೊದಲ ಡಬ್ಬಿ ಆಕ್ಟಿವೇಟೆಡ್ ಕಾರ್ಬನ್. ಒಳ್ಳೆಯ ಕಾರ್ಬನ್ ಬಹಳಷ್ಟು ತಯಾರಾಗುವುದು ತೆಂಗಿನ ಗೆರಟೆಯಿಂದ. ಹಾಗಾದರೆ ಬಚ್ಚಲೊಲೆಯ ಗೆರಟೆ ಕೆಂಡವನ್ನೇ ಆರಿಸಿ ಹಾಕಬಹುದಲ್ಲ ಎಂದು ನೀವು ಕೇಳುತ್ತೀರಿ. ಆಗುವುದಿಲ್ಲ. ಕಾರ್ಖಾನೆಯಲ್ಲಿ ಆ ಇದ್ದಿಲಿಗೆ 800-1000 ಡಿಗ್ರಿ ಶಾಖದಲ್ಲಿ ಉಗಿ ಹಾಯಿಸುತ್ತಾರೆ. ಆಗ ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಒಂದೇ ಒಂದು ಗ್ರಾಂ ಕಾರ್ಬನ್ನಿನ ಒಳಮೈಯನ್ನು ಬಿಡಿಸಿ ಹರಡಿದರೆ ಸುಮಾರು 1000 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 25 ಸೆಂಟ್ಸ್, ಮನೆ ಕಟ್ಟಿ ಅಂಗಳ ಬಿಟ್ಟರೂ ಜಾಗ ಉಳಿಯುತ್ತದೆ. ನೀರಿನ ಹಳದಿ ಬಣ್ಣ, ವಾಸನೆ, ಉಳಿದ ಔಷಧದ ಅಂಶ ಎಲ್ಲ ಅಲ್ಲಿ ಹೋಗಿ ಕೂರುತ್ತವೆ. ನೈಟ್ರೇಟ್, ಫಾಸ್ಫೇಟ್ ಮಾತ್ರ ಇದಕ್ಕೆ ಬಗ್ಗುವುದಿಲ್ಲ.

ನೀರು ಹಳದಿಯಾಗಿದೆಯೇ ಎಂದು ನೋಡಲು ತೊಟ್ಟಿಯ ಒಂದು ತುದಿಯ ಗಾಜಿಗೆ ಹೊರಗಿನಿಂದ ಬಿಳಿ ಕಾಗದ ಹಿಡಿಯಿರಿ. ಇನ್ನೊಂದು ತುದಿಯಿಂದ, ಉದ್ದಕ್ಕೆ, ನೀರಿನ ಮೂಲಕ ನೋಡಿ. ಕಾಗದ ತೆಳು ಚಹಾದ ಬಣ್ಣಕ್ಕೆ ತಿರುಗಿದ್ದರೆ ಕಾರ್ಬನ್ ಬೇಕು. ನಾನು 100 ಲೀಟರಿಗೆ 50 ಗ್ರಾಂ ಹಾಕುತ್ತೇನೆ. ಬಲೆಯ ಚೀಲದಲ್ಲಿ ಕಟ್ಟಿ ನೀರು ಹರಿಯುವ ದಾರಿಯಲ್ಲೇ ಇಡಬೇಕು, ಮೂಲೆಯಲ್ಲಿ ಇಟ್ಟರೆ ದಂಡ. ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ. ಮೀನಿಗೆ ಔಷಧ ಹಾಕುವ ದಿನ ಹೊರಗೆ ತೆಗೆಯಿರಿ, ಇಲ್ಲವಾದರೆ ಔಷಧವನ್ನು ಮೊದಲು ಕುಡಿಯುವುದು ಅದೇ.

ಎರಡನೇ ಡಬ್ಬಿ ಜಿಎಫ್‌ಒ, ಅಂದರೆ ಹರಳು ರೂಪದ ಕಬ್ಬಿಣದ ಆಕ್ಸೈಡ್. ತುಕ್ಕಿನ ಹತ್ತಿರದ ನೆಂಟ. ಇದು ಹಿಡಿಯುವುದು ಫಾಸ್ಫೇಟನ್ನು, ಪಾಚಿಯ ಗೊಬ್ಬರವನ್ನು. ಅಡಿಕೆ ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೆಂಪು ಮಣ್ಣಿಗೆ ರಂಜಕದ ಗೊಬ್ಬರ ಎಷ್ಟು ಹಾಕಿದರೂ ಬೇರಿಗೆ ಸಿಗುವುದು ಸ್ವಲ್ಪವೇ. ಹುಳಿ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ತೋಟದಲ್ಲಿ ನಷ್ಟವಾಗುವ ಆ ಗುಣವೇ ತೊಟ್ಟಿಯಲ್ಲಿ ಲಾಭ. ಹಾಗೆಂದು ಮುರಕಲ್ಲಿನ ತುಂಡು ತಂದು ಹಾಕಬೇಡಿ ಮಾರಾಯ್ರೇ. ಅದರಿಂದ ಜೇಡಿ ಬಿಡುತ್ತದೆ, ಜೊತೆಗೆ ಯಾವ ಲೋಹ ಬರುತ್ತದೋ ಹೇಳಲಾಗದು.

ಜಿಎಫ್‌ಒವನ್ನು ತೊಳೆಯದೆ ಹಾಕುವ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ. ಐದು ನಿಮಿಷದಲ್ಲಿ ತೊಟ್ಟಿ ಮೊದಲ ಮಳೆಗೆ ಅಂಗಳದಲ್ಲಿ ಹರಿಯುವ ನೀರಿನ ಹಾಗೆ ಕೆಂಪಾಯಿತು. ಮೀನು ಎಲ್ಲಿದೆ ಎಂದೇ ಕಾಣಲಿಲ್ಲ. ಬಕೆಟಿನಲ್ಲಿ ಹಾಕಿ, ಕೆಂಪು ಹೋಗುವ ತನಕ ಆರ್‌ಒ ನೀರಿನಲ್ಲಿ ಜಾಲಿಸಿ. ಕೈಯಿಂದ ಉಜ್ಜಬೇಡಿ, ಹರಳು ಪುಡಿಯಾಗುತ್ತದೆ. ಪೂರ್ತಿ ಪ್ರಮಾಣ ಲೀಟರಿಗೆ ಸುಮಾರು ಒಂದು ಗ್ರಾಂ, ಶುರು ಮಾಡುವಾಗ ಅದರ ಅರ್ಧ ಹಾಕಿ. ಇದನ್ನು ಇಡಲು ರಿಯಾಕ್ಟರ್ ಎಂಬ ಕೊಳವೆ ಸಿಗುತ್ತದೆ. ಕೆಳಗಿನಿಂದ ಬರುವ ನೀರಿಗೆ ಮೇಲಿನ ಹರಳು ಮೆಲ್ಲ ಕದಲಿದರೆ ಸಾಕು, ಅನ್ನ ಕುದಿದ ಹಾಗೆ ಕುದಿಯಬಾರದು. ಮಳೆಗಾಲದಲ್ಲಿ ಕರೆಂಟು ಗಂಟೆಗಟ್ಟಲೆ ಹೋದರೆ ಮುಚ್ಚಿದ ಕೊಳವೆಯೊಳಗಿನ ನೀರು ಕೆಡುತ್ತದೆ. ಕರೆಂಟು ಬಂದಾಗ ಆ ನೀರನ್ನು ತೊಟ್ಟಿಗೆ ಬಿಡದೆ ಹೊರಗೆ ಚೆಲ್ಲಿ.

ಆದರೆ ಇದು ಎಲ್ಲರಿಗೂ ಬೇಕೇ? ಇಲ್ಲ. ಟೆಸ್ಟ್ ಕಿಟ್‌ನಲ್ಲಿ ಫಾಸ್ಫೇಟ್ 0.1 ಪಿಪಿಎಂ ಒಳಗಿದ್ದರೆ ಜಿಎಫ್‌ಒ ಮುಟ್ಟಬೇಡಿ. ಹೆಚ್ಚಿದ್ದರೂ ಮೊದಲು ಮೀನಿನ ಊಟ ನೋಡಿ. ಐಸಿನ ಎಟ್ಟಿ (ಸಿಗಡಿ) ಕರಗಿದ ನೀರನ್ನೂ ಜೊತೆಗೆ ಸುರಿಯುವವರು ಕೈಯಾರೆ ಫಾಸ್ಫೇಟ್ ಹಾಕಿದಂತೆಯೇ.

ಮೂರನೆಯದು ರೆಸಿನ್, ಪ್ಲಾಸ್ಟಿಕ್ ಜಾತಿಯ ಸಣ್ಣ ಮಣಿಗಳು. ಕೊಳೆತ ಆಹಾರದ ಅಂಶ ಅಮೋನಿಯಾ ಆಗುವ ಮೊದಲೇ ಹಿಡಿಯುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಡಬ್ಬಿಯಲ್ಲಿ ಹೇಳಿದ್ದರೆ, ಬ್ಲೀಚಿನಲ್ಲಿ ನೆನೆಸಿ, ಕ್ಲೋರಿನ್ ಪೂರ್ತಿ ಹೋಗಿಸಿ ಮತ್ತೆ ಬಳಸಬಹುದು. ಒಳ್ಳೆಯದೇ, ಆದರೆ ಕಾರ್ಬನ್ ಇದ್ದವರಿಗೆ ಅವಸರವಿಲ್ಲ.

ನಾಲ್ಕನೆಯದು ಜಿಯೋಲೈಟ್. ಅಮೋನಿಯಾ ಹಿಡಿಯುತ್ತದೆ ಎಂದು ಸಿಹಿನೀರಿನವರು ಕೊಡುತ್ತಾರೆ. ಉಪ್ಪುನೀರಿನಲ್ಲಿ ಅದಕ್ಕಾಗಿ ದುಡ್ಡು ಹಾಕಬೇಡಿ. ಮನೆಯ ವಾಟರ್ ಸಾಫ್ಟನರಿಗೆ ಆಗಾಗ ಉಪ್ಪು ಹಾಕಿ ಅದು ಹಿಡಿದದ್ದನ್ನು ಖಾಲಿ ಮಾಡಿಸುತ್ತೇವಲ್ಲ, ಇದೂ ಹಾಗೆಯೇ. ಉಪ್ಪಿನ ಸೋಡಿಯಂ ಮೊದಲೇ ಜಾಗ ಹಿಡಿದಿರುವುದರಿಂದ ಅಮೋನಿಯಾಕ್ಕೆ ಕೂರಲು ಎಡೆಯಿಲ್ಲ.

ಮೊದಲ ಮೂರರಲ್ಲಿ ಕಾರ್ಬನ್ ಅಗ್ಗ. ಜಿಎಫ್‌ಒ, ರೆಸಿನ್‌ಗಳಲ್ಲಿ ಹೆಚ್ಚಿನವು ಆಮದು, ಬೆಲೆ ಅದರ ಹಲವು ಪಟ್ಟು. ಇವಕ್ಕೆ ಮಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ವಿಚಾರಿಸಿ, ಸಿಗದಿದ್ದರೆ ಆನ್‌ಲೈನ್ ತರಿಸಿ. ನೀರಿನ ಫಿಲ್ಟರಿಗೆ ಮಾರುವ ಗೆರಟೆ ಕಾರ್ಬನ್ ಇನ್ನೂ ಕಡಿಮೆಗೆ ಸಿಗುತ್ತದೆ. ಆದರೆ ಕೆಲವು ಕಾರ್ಬನ್‌ಗಳಿಂದಲೇ ಫಾಸ್ಫೇಟ್ ಬಿಡುತ್ತದೆ. ಒಂದು ಲೋಟ ಆರ್‌ಒ ನೀರಿನಲ್ಲಿ ಚಮಚ ಕಾರ್ಬನ್ ನೆನೆಸಿ, ಮರುದಿನ ಆ ನೀರನ್ನು ಟೆಸ್ಟ್ ಮಾಡಿ ನೋಡಿ. ಮೀನಿನ ಬಗ್ಗೆ ಸಂಶಯವಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ, 1969ರಿಂದ ಇದೇ ವಿಷಯ ಕಲಿಸುತ್ತಿದೆ.

ಇಷ್ಟೆಲ್ಲ ಮಾಡಿ ಬಾವಿ ನೀರಿನಲ್ಲೇ ಉಪ್ಪು ಕದಡಿದರೆ ಕೆಲಸ ಕೆಟ್ಟಿತು. ಮುರಕಲ್ಲಿನ ಬಾವಿಯ ನೀರು ಕುಡಿಯಲು ರುಚಿ, ತೊಟ್ಟಿಗೆ ಮಾತ್ರ ಅದರ ಕಬ್ಬಿಣ, ಸಿಲಿಕಾ ಆಗದು. ಆರ್‌ಒ ನಂತರ, ಉಳಿದ ಲವಣ ಹಿಡಿಯುವ ಡಿಐ ರೆಸಿನ್ ದಾಟಿಸಿ, ಟಿಡಿಎಸ್ ಮೀಟರ್ 0 ತೋರಿಸಬೇಕು. ಮಳೆಗಾಲದಲ್ಲಿ ಸಸಿಹಿತ್ಲಿನ ಕಡಲ ನೀರೂ ಬೇಡ. ಶಾಂಭವಿ, ನಂದಿನಿ ಹೊಳೆಗಳು ಅಲ್ಲೇ ಸಮುದ್ರ ಸೇರುವುದರಿಂದ ಆಗ ಉಪ್ಪು ಕಡಿಮೆ, ಕೆಸರು ಹೆಚ್ಚು.

ಮುಗಿದ ಕಾರ್ಬನ್ನನ್ನು ತುಳಸಿ ಕಟ್ಟೆಗೋ ಅಡಿಕೆ ಬುಡಕ್ಕೋ ಚೆಲ್ಲಬೇಡಿ, ಅದರಲ್ಲಿ ಉಪ್ಪು ಇರುತ್ತದೆ. ಔಷಧ ಹಿಡಿದದ್ದಾದರೆ ಕಸಕ್ಕೆ ಹಾಕಿ, ಇಲ್ಲವಾದರೆ ತೊಳೆದು ತೆಂಗಿನ ಬುಡಕ್ಕೆ ಹಾಕಿ. ತೆಂಗಿಗೆ ಅಷ್ಟು ಉಪ್ಪು ಲೆಕ್ಕಕ್ಕಿಲ್ಲ.