ಟರ್ಬೊ ಎಂಜಿನ್: ಕಿಡಿಗೆ ತಕ್ಕ ಗಾಳಿ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಇಂಧನ ಉರಿಸಬಹುದು, ಶಕ್ತಿಯೂ ಹೆಚ್ಚುತ್ತದೆ. ಟರ್ಬೊಚಾರ್ಜರ್ ಮಾಡುವುದು ಈ ಕೆಲಸವನ್ನೇ. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ತುಂಬುತ್ತದೆ. ವಾತಾವರಣದ ಒತ್ತಡಕ್ಕಿಂತ ಹೆಚ್ಚಾಗಿರುವ ಈ ಒತ್ತಡವೇ ‘ಬೂಸ್ಟ್’. ವಾತಾವರಣದ ಒತ್ತಡ ಸುಮಾರು 1 ಬಾರ್, 0.5 ಬಾರ್ ಬೂಸ್ಟ್ ಎಂದರೆ ಒಟ್ಟು 1.5 ಬಾರ್. ಹಾಗಾದರೆ ಬೂಸ್ಟನ್ನು ಬೇಕಾದಷ್ಟು ಏರಿಸಬಾರದೇಕೆ?

ಉತ್ತರಕ್ಕಾಗಿ ಮೊದಲು ಕಿಡಿಯನ್ನು ಗಮನಿಸೋಣ. ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಾರಿದೊಡನೆ ಮಿಶ್ರಣವೆಲ್ಲ ಒಮ್ಮೆಲೇ ಉರಿಯುವುದಿಲ್ಲ. ಬಣವೆಯ ಒಂದು ಮೂಲೆಗೆ ತಗುಲಿದ ಬೆಂಕಿಯಂತೆ ಜ್ವಾಲೆ ಹಬ್ಬುತ್ತಾ ಹೋಗುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ, ಸೆಕೆಂಡಿನ ಸಾವಿರದ ಒಂದು ಭಾಗದಲ್ಲೇ ಕ್ರ್ಯಾಂಕ್ ದಂಡ 18 ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಮೇಲ್ತುದಿ ದಾಟಿ ಸುಮಾರು 15 ಡಿಗ್ರಿಯಾದಾಗ ಒತ್ತಡ ಗರಿಷ್ಠವಾದರೆ ಪಿಸ್ಟನ್ನಿಗೆ ಸರಿಯಾದ ತಳ್ಳು ಸಿಗುತ್ತದೆ.

ಸೈಕಲ್ ಪಂಪು ಒತ್ತುವಾಗ ಅದರ ಬುಡ ಬಿಸಿಯಾಗುವುದನ್ನು ನೀವು ಕಂಡಿರಬಹುದು. ಹಾಗೆಯೇ ಬೂಸ್ಟ್ ಏರಿದಂತೆ ಮಿಶ್ರಣದ ಒತ್ತಡವೂ ಬಿಸಿಯೂ ಏರುತ್ತವೆ. ಆಗ ಜ್ವಾಲೆ ತಲುಪುವ ಮೊದಲೇ, ಅಂಚಿನಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡೀತು. ಸುತ್ತಿಗೆಯಿಂದ ಲೋಹಕ್ಕೆ ಬಡಿದಂಥ ಸದ್ದು ಕೇಳುತ್ತದೆ. ಇದೇ ‘ನಾಕಿಂಗ್’. ಇದು ಮುಂದುವರಿದರೆ ಪಿಸ್ಟನ್ನೇ ತೂತಾಗಬಹುದು.

ಇದಕ್ಕೆ ಎರಡು ಪರಿಹಾರಗಳುಂಟು. ಒಂದು, ಕಿಡಿಯನ್ನು ತುಸು ತಡವಾಗಿ ಹಾರಿಸುವುದು. ಅಮೆರಿಕದ ಬ್ಯೂಕ್ ಕಂಪನಿಯ 1978ರ ಟರ್ಬೊ ಎಂಜಿನ್ನಿನಲ್ಲಿ ನಾಕಿಂಗ್ ಕಂಪನವನ್ನು ಗುರುತಿಸುವ ಸಂವೇದಕವಿತ್ತು. ಅದರ ಸೂಚನೆಯಂತೆ ಕಿಡಿ ತಡವಾಗುತ್ತಿತ್ತು. ಆದರೆ ಅತಿಯಾಗಿ ತಡವಾದರೆ ಶಾಖವು ಪಿಸ್ಟನ್ನನ್ನು ತಳ್ಳದೆ ಹೊಗೆಯೊಡನೆ ಹೊರಟು ಟರ್ಬೊ ಚಕ್ರವನ್ನು ಕಾಯಿಸುತ್ತದೆ. ಎರಡನೆಯದು, ಬೂಸ್ಟನ್ನೇ ತಗ್ಗಿಸುವುದು. ಸ್ವೀಡನ್ನಿನ ಸಾಬ್ ಕಂಪನಿಯ 1982ರ ಮಾದರಿಗಳಲ್ಲಿ ಈ ವಿಧಾನ ಬಂತು. ನಾಕಿಂಗ್ ಕಂಡೊಡನೆ ‘ವೇಸ್ಟ್‌ಗೇಟ್’ ಎಂಬ ಕವಾಟ ತೆರೆದು, ಹೊಗೆಯ ಒಂದು ಪಾಲು ಚಕ್ರಕ್ಕೆ ತಾಗದೆ ಹೊರಹೋಗುತ್ತಿತ್ತು.

ಇಂದಿನ ಕಾರುಗಳಲ್ಲಿ ಪುಟ್ಟ ಗಣಕವೊಂದು ಎರಡನ್ನೂ ಒಟ್ಟಿಗೆ ಹೊಂದಿಸುತ್ತದೆ. ಈ ಲೆಕ್ಕವನ್ನು ಬದಿಗಿಟ್ಟು ಬೂಸ್ಟನ್ನಷ್ಟೇ ಏರಿಸುವವರು ಕಾರಿನ ವೇಗಕ್ಕಾಗಿ ಎಂಜಿನ್ನಿನ ಆಯುಷ್ಯವನ್ನೇ ಪಣಕ್ಕಿಟ್ಟಂತೆ.