ಕೂಸಿನ ಕೂಡುಬೆರಳು: ಸಂಕೋಚ ಬೇಡ, ತಡವೂ ಬೇಡ



ಜ್ಞಾನಸ್ನಾನಕ್ಕೆ ತಂದ ಕೂಸಿನ ಒಂದು ಕೈಯನ್ನು ತಾಯಿ ಶಾಲಿನೊಳಗೇ ಮುಚ್ಚಿಟ್ಟುಕೊಳ್ಳುವುದನ್ನು ನಾವು ಕಂಡಿದ್ದೇವೆ. ಬೆರಳೆರಡು ಅಂಟಿಕೊಂಡಿರುವುದು ಜನರಿಗೆ ಕಂಡೀತೆಂಬ ಸಂಕೋಚ. 'ಗ್ರಹಣದ ದಿನ ಬಸುರಿ ಕತ್ತಿ ಹಿಡಿದಳು, ಅದಕ್ಕೇ ಹೀಗಾಯಿತು' ಎಂಬ ಮಾತು ಮನೆಯೊಳಗೇ ಹುಟ್ಟಿರುತ್ತದೆ. ಆ ಮಾತಿನಲ್ಲಿ ಹುರುಳಿಲ್ಲ.

ಬಸಿರಿನ ಐದಾರನೆಯ ವಾರದಲ್ಲಿ ಕೂಸಿನ ಕೈ ಚಪ್ಪಟೆ ಸೌಟಿನಂತಿರುತ್ತದೆ. ಎಂಟನೆಯ ವಾರದ ಹೊತ್ತಿಗೆ ನಡುವಣ ಜೀವಕೋಶಗಳು ತಾವಾಗಿ ಅಳಿದು ಬೆರಳುಗಳು ಬಿಡಿಯಾಗುತ್ತವೆ. ಈ ಕೆಲಸ ಅರ್ಧಕ್ಕೆ ನಿಂತರೆ ಕೂಡುಬೆರಳು. ವೈದ್ಯರು ಸಿಂಡ್ಯಾಕ್ಟಿಲಿ ಎನ್ನುತ್ತಾರೆ. ಎರಡು ಮೂರು ಸಾವಿರ ಕೂಸುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಕೆಲವು ಮನೆತನಗಳಲ್ಲಿ ವಂಶದಿಂದ ಬರುತ್ತದೆ. ಹುಟ್ಟುಕುರುಡನನ್ನು ಕಂಡು ಪಾಪ ಯಾರದೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಹೆತ್ತವರನ್ನು ದೂರಲಿಲ್ಲ. ನಾವೂ ದೂರಬಾರದು.

ದಾರ ಬಿಗಿದೋ ಬ್ಲೇಡಿನಿಂದ ಸೀಳಿಯೋ ಬಿಡಿಸಲು ಯಾರೂ ಹೋಗಬಾರದು. ಇಬ್ಬರು ಹೊದ್ದ ಒಂದೇ ಕಂಬಳಿಯನ್ನು ಹರಿದು ಹಂಚಿದರೆ ಇಬ್ಬರಿಗೂ ಸಾಲದು. ಚರ್ಮದ ಕತೆಯೂ ಹಾಗೆಯೇ. ಶಸ್ತ್ರವೈದ್ಯರು ಅರಿವಳಿಕೆ ಕೊಟ್ಟು ಅಂಕುಡೊಂಕಾಗಿ ಕೊಯ್ಯುತ್ತಾರೆ. ನೇರ ಗಾಯದ ಕಲೆ ಮುದುಡಿ ಬೆರಳನ್ನು ಬಗ್ಗಿಸುತ್ತದೆ. ಚರ್ಮ ಸಾಲದ ಕಡೆ ತೊಡೆಸಂದಿನಿಂದ ತೆಗೆದು, ಗಿಡಕ್ಕೆ ಕಸಿ ಕಟ್ಟುವಂತೆ ಕೂರಿಸುತ್ತಾರೆ. ಮೂರು ಬೆರಳು ಅಂಟಿದ್ದರೆ ನಡುವಿನದರ ಎರಡೂ ಬದಿಯನ್ನು ಒಮ್ಮೆಗೇ ಬಿಡಿಸುವುದಿಲ್ಲ. ರಕ್ತದ ಓಟ ನಿಂತು ಬೆರಳೇ ಸತ್ತೀತು. ಕೆಲವು ತಿಂಗಳ ನಂತರ ಎರಡನೆಯ ಬದಿ.

ಸಾಮಾನ್ಯವಾಗಿ 1ರಿಂದ 2 ವರ್ಷದೊಳಗೆ ಇದನ್ನು ಮಾಡಿಸಬೇಕು. ಆದರೆ ಹೆಬ್ಬೆರಳು ತೋರುಬೆರಳಿಗೆ, ಇಲ್ಲವೆ ಕಿರುಬೆರಳು ಉಂಗುರಬೆರಳಿಗೆ ಅಂಟಿದ್ದರೆ 6 ತಿಂಗಳ ಹೊತ್ತಿಗೇ ಮಾಡುವುದುಂಟು. ಗಿಡ್ಡ ಬೆರಳು ಉದ್ದ ಬೆರಳನ್ನು ಎಳೆದು ಡೊಂಕಾಗಿಸುತ್ತದೆ. ಮೂಳೆಯೂ ಕೂಡಿದೆಯೋ ಎಂಬುದು ಎಕ್ಸ್‌ರೇಯಿಂದ ತಿಳಿಯುತ್ತದೆ.

ಮೊಣಕೈ ದಾಟಿ ಕಟ್ಟಿದ ಪಟ್ಟಿ ಎರಡು ಮೂರು ವಾರ ಇರುತ್ತದೆ. ನಮ್ಮ ಬೆಟ್ಟದ ಮಳೆಯಲ್ಲಿ ಅದು ನೆನೆಯದಿರಲಿ. ಹೊಲದ ಮಣ್ಣು, ಸಗಣಿ ತಾಗದಿರಲಿ. ಬೆರಳ ತುದಿ ನೀಲಿಯಾದರೆ, ನಾತ ಬಂದರೆ, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿರಿ. ಮಗು ಬೆಳೆದಂತೆ ಬೆರಳಸಂದಿ ಮತ್ತೆ ಮೇಲೇರುವುದುಂಟು. ಆದ್ದರಿಂದ ಕೆಲವು ವರ್ಷ ತೋರಿಸುತ್ತಿರಬೇಕು.

ಮೊದಲು 2025ರ ಏಪ್ರಿಲ್‌ನಲ್ಲಿ ಊಟಿಯಲ್ಲಿ ಉದ್ಘಾಟನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿರಿ. ಕೆಳಗೆ ಕೋಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ಅಲ್ಲಿಯ ಗಂಗಾ ಆಸ್ಪತ್ರೆ ಕೈಯ ಶಸ್ತ್ರಚಿಕಿತ್ಸೆಗೆ ಹೆಸರಾದದ್ದು. ಮುಖ್ಯಮಂತ್ರಿಗಳ ಆರೋಗ್ಯ ವಿಮೆ ಕಾರ್ಡಿದ್ದರೆ ಜೊತೆಗಿರಲಿ. ಖರ್ಚಿನ ವಿಚಾರವನ್ನು ಮೊದಲೇ ಕೇಳಿಕೊಳ್ಳಿರಿ.

ನಾಳೆ ಟೀ ಚಿಗುರು ಕೀಳುವ, ಪೆನ್ನು ಹಿಡಿಯುವ ಕೈ ಅದು. ಶಾಲಿನಿಂದ ಹೊರಗೆ ತೆಗೆಯಿರಿ, ವೈದ್ಯರು ನೋಡಲಿ.